ಕಾರ್ಡ್ ಇದ್ದರೂ ಮನೆಯವರ ಸಹಿ ಬೇಕೇ?

ಪ್ರಶ್ನೆ: ಅಂಗದಾನಕ್ಕೆ ಹೆಸರು ನೋಂದಾಯಿಸಿ ಕಾರ್ಡ್ ಪಡೆದಿದ್ದೇನೆ. ಆದರೂ ಕೊನೆಗೆ ಮನೆಯವರು ಒಪ್ಪಬೇಕಂತೆ, ಹೌದೇ? ನಮ್ಮ ಭಾವ ಡಯಾಲಿಸಿಸ್‌ನಲ್ಲಿದ್ದಾರೆ. ಸ್ಪೇನ್‌ನಲ್ಲಿರುವಂತೆ ‘ಬೇಡ ಎನ್ನದವರೆಲ್ಲ ದಾನಿಗಳೇ’ ಎಂಬ ಕಾನೂನು ಇಲ್ಲೂ ಬಂದರೆ ಅವರಿಗೆ ಬೇಗ ಕಿಡ್ನಿ ಸಿಗುವುದೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಹೌದು, ಒಪ್ಪಬೇಕು. ನಿಮ್ಮ ಪ್ರತಿಜ್ಞೆ ಫಾರ್ಮ್ 7. ಅದಕ್ಕೆ ಇಬ್ಬರು ಸಾಕ್ಷಿಗಳು, ಒಬ್ಬರಾದರೂ ಹತ್ತಿರದ ಸಂಬಂಧಿ. 1994ರ ಅಂಗ ಕಸಿ ಕಾಯ್ದೆಯಲ್ಲಿ ಈ ಸಹಿಗೆ ಬೆಲೆಯಿದೆ. ಆದರೆ ಮಿದುಳು ಸತ್ತ ಮೇಲೆ ಐಸಿಯುನಲ್ಲಿ ಮನೆಯವರಿಂದ ಒಪ್ಪಿಗೆ ಪತ್ರವಾದ ಫಾರ್ಮ್ 8 ಕೇಳುತ್ತಾರೆ. ಅವರು ಬೇಡವೆಂದರೆ ಆಸ್ಪತ್ರೆ ಮುಂದುವರಿಯುವುದಿಲ್ಲ.

ಸಾಮಾನ್ಯವಾಗಿ ಎಡವಟ್ಟಾಗುವುದು ಇಲ್ಲೇ. ವೆಂಟಿಲೇಟರ್‌ನಲ್ಲಿ ಎದೆ ಏರಿಳಿಯುತ್ತದೆ, ಮೈ ಬೆಚ್ಚಗಿರುತ್ತದೆ. ಮಿದುಳು ಸತ್ತಿದೆ ಎಂದರೆ ಯಾರು ನಂಬಿಯಾರು? ನಾಲ್ವರು ವೈದ್ಯರ ಮಂಡಳಿ ಆರು ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸುತ್ತದೆ. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿರುವಂತಿಲ್ಲ. ವೆಂಟಿಲೇಟರ್ ಬಿಡಿಸಿ, ಆಮ್ಲಜನಕ ಮಾತ್ರ ಕೊಟ್ಟು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಉಸಿರೆಳೆಯುವ ಯತ್ನವೇ ಇಲ್ಲವೆಂದು ಕಣ್ಣಾರೆ ನೋಡುವ ಪರೀಕ್ಷೆ ಇದರಲ್ಲಿ ಮುಖ್ಯ. ಇದನ್ನು ಬಿಡಿಸಿ ಹೇಳುವ ಮೊದಲೇ ದಾನದ ಮಾತೆತ್ತಿದರೆ ಮನೆಯವರು ಸಿಡಿಯುತ್ತಾರೆ. ತಪ್ಪು ಅವರದಲ್ಲ. ಇತ್ತ ನಿರ್ಧಾರ ತಡವಾದಷ್ಟೂ ರಕ್ತದೊತ್ತಡ ಕುಸಿದು ಅಂಗಗಳು ಕೆಡುತ್ತವೆ.

ಸ್ಪೇನ್ ಆ ಕಾನೂನು ತಂದದ್ದು 1979ರಲ್ಲಿ. ದಾನ ಗಣನೀಯವಾಗಿ ಏರಿದ್ದು 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಹುಟ್ಟಿ, ಆಸ್ಪತ್ರೆಗಳಲ್ಲಿ ಮನೆಯವರೊಂದಿಗೆ ಮಾತಾಡಿ ದಾನದ ಏರ್ಪಾಡು ನೋಡುವ ತರಬೇತಾದ ಸಂಯೋಜಕರು ಕೂತ ಮೇಲೆ. ಅಲ್ಲೂ ಇಂದಿಗೂ ಮನೆಯವರನ್ನು ಕೇಳಿಯೇ ಮುಂದುವರಿಯುತ್ತಾರೆ. ಹಾಗಾಗಿ ಕಾನೂನೊಂದನ್ನೇ ಬದಲಿಸಿದರೆ ಭಾವನವರ ಸರದಿ ಬೇಗ ಬರುತ್ತದೆಂದು ನನಗನ್ನಿಸುವುದಿಲ್ಲ.

ಅವರು ಕಸಿ ಆಸ್ಪತ್ರೆಯ ಮೂಲಕ ರಾಜ್ಯದ ಅಂಗ ಹಂಚಿಕೆ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳಿ. ಅನಗತ್ಯವಾಗಿ ರಕ್ತ ಹಾಕಿಸಿಕೊಳ್ಳಬಾರದು. ಅದರಿಂದ ಪ್ರತಿಕಾಯಗಳು (ಬೇರೆಯವರ ಅಂಗದ ಮೇಲೆ ತಿರುಗಿಬೀಳುವ ರಕ್ತದ ಅಂಶಗಳು) ಹೆಚ್ಚಿದರೆ ಕ್ರಾಸ್‌ಮ್ಯಾಚ್ (ದಾನಿಯ ಅಂಗ ಒಗ್ಗುತ್ತದೆಯೇ ಎಂದು ನೋಡುವ ರಕ್ತ ಪರೀಕ್ಷೆ) ಹೊಂದದೆ ಕಿಡ್ನಿ ಬೇರೆಯವರ ಪಾಲಾಗುತ್ತದೆ. ಫೋನ್ ಸದಾ ಆನ್ ಇರಲಿ. ಕರೆ ಬಂದಾಗ ಜ್ವರ, ಕೆಮ್ಮಿದ್ದರೆ ಮುಚ್ಚಿಡದೆ ಹೇಳಲಿ, ಏನೂ ತಿನ್ನದೆ ಹೊರಡಲಿ.

ನೀವು ಕಾರ್ಡನ್ನು ಪರ್ಸಿನಲ್ಲೇ ಇಟ್ಟುಕೊಂಡರೆ ಸಾಲದು. ಹೆಂಡತಿ ಅಥವಾ ಗಂಡ, ಮಕ್ಕಳು, ಜೊತೆಗೆ ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಆ ಹಿರಿಯರಿಗೂ ಹೇಳಿ. ಒಪ್ಪಿಗೆ ಕೊಟ್ಟ ಮೇಲೆ ಅಂಗಗಳನ್ನು ಕಾಪಾಡುವ, ತೆಗೆಯುವ ಖರ್ಚು ಮನೆಯವರ ತಲೆಗೆ ಬರುವುದಿಲ್ಲ ಎಂಬುದನ್ನೂ ತಿಳಿಸಿ. ಬಿಲ್ಲಿನ ಭಯಕ್ಕೇ ಹಿಂಜರಿಯುವವರಿದ್ದಾರೆ. ಅಪಘಾತದ ಕೇಸಾದರೆ ಮರಣೋತ್ತರ ಪರೀಕ್ಷೆಯೂ ಇರುತ್ತದೆ, ಪೊಲೀಸರಿಗೆ ಬೇಗ ತಿಳಿಸುವಂತೆ ಆಸ್ಪತ್ರೆಯ ಕಸಿ ಸಂಯೋಜಕರನ್ನು ಕೇಳಬೇಕು.