ನೀರಿನ ಟ್ಯಾಂಕಿನಲ್ಲಿ ಶೇ. 1 ಎಲ್ಲಿ ಹೋಯಿತು?

ಪ್ರಶ್ನೆ: ವಿಕಿರಣ ಚಿಕಿತ್ಸೆಯ ಮೆಡಿಕಲ್ ಫಿಸಿಸಿಸ್ಟ್ ತರಬೇತಿಯಲ್ಲಿದ್ದೇನೆ. ರೋಗಿಗೆ ವಿಕಿರಣ ಕೊಡುವ ಯಂತ್ರವಾದ ಲಿನ್ಯಾಕ್‌ನ ಡೋಸನ್ನು ನೀರಿನ ಟ್ಯಾಂಕಿನಲ್ಲಿ ಅಳೆದಾಗ ನನ್ನ ಲೆಕ್ಕ ಹಿರಿಯರದ್ದಕ್ಕಿಂತ ಶೇ. 1ರಷ್ಟು ಕಡಿಮೆ ಬರುತ್ತದೆ. ಏಕೆ?

ಉತ್ತರ: ಮೊದಲು ಥರ್ಮಾಮೀಟರ್ ನೋಡಿ. ನೀರಿನಲ್ಲಿಟ್ಟು ಡೋಸ್ ಅಳೆಯುವ ಸಾಧನವಾದ ಅಯಾನ್ ಚೇಂಬರ್‌ನೊಳಗಿನ ಗಾಳಿ ಬಿಸಿಯಾದಷ್ಟೂ ವಿರಳವಾಗಿ ರೀಡಿಂಗ್ ತಗ್ಗುತ್ತದೆ. ಚೇಂಬರ್‌ನ ಉಲ್ಲೇಖ ತಾಪಮಾನ 20 ಡಿಗ್ರಿ ಸೆಲ್ಸಿಯಸ್, ನೀರು 23 ಡಿಗ್ರಿ ಎಂದಾದರೆ ಎರಡನ್ನೂ ಕೆಲ್ವಿನ್‌ಗೆ ಬದಲಿಸಲು 273.15 ಕೂಡಿಸಿ, 296.15 ಅನ್ನು 293.15ರಿಂದ ಭಾಗಿಸಿ: 1.010. ಇದರಿಂದ ಗುಣಿಸದಿದ್ದರೆ ನಿಮ್ಮ ಶೇ. 1 ಅಲ್ಲೇ ಹೋಯಿತು. ಕೋಣೆಯದ್ದಲ್ಲ, ನೀರಿನ ತಾಪಮಾನವನ್ನೇ ಬರೆದುಕೊಳ್ಳಿ. ಆಗಷ್ಟೇ ತುಂಬಿದ ಟ್ಯಾಂಕು ಸ್ಥಿರವಾಗಲು ಗಂಟೆಗಳೇ ಬೇಕು.

ವಾಯುಭಾರ ಕಡಿಮೆಯಾದರೂ ಚೇಂಬರ್‌ನ ಗಾಳಿ ವಿರಳವಾಗುತ್ತದೆ; ಹಾಗಾಗಿ ವಾಯುಭಾರವನ್ನು ಕೋಣೆಯಲ್ಲೇ ಅಳೆಯಿರಿ. ಹವಾಮಾನ ವರದಿಯ ಅಂಕಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. 900 ಮೀಟರ್ ಎತ್ತರದಲ್ಲಿ ಅದನ್ನು ನಂಬಿದರೆ ದೋಷ ಸುಮಾರು ಶೇ. 10. ಡೋಸ್ ಕಡಿಮೆಯಿದೆಯೆಂದು ಯಂತ್ರವನ್ನು ಏರಿಸಿದಿರೋ, ಅಷ್ಟೂ ಹೆಚ್ಚುವರಿ ವಿಕಿರಣ ರೋಗಿಯ ಮೈಮೇಲೆ. ಇನ್ನೊಬ್ಬರು ಸ್ವತಂತ್ರವಾಗಿ ಅಳೆಯುವವರೆಗೆ ಔಟ್‌ಪುಟ್ ಮುಟ್ಟಲೇಬೇಡಿ.