ಓದುಗರ ಪ್ರಶ್ನೆ: ಗ್ಯಾಲಕ್ಸಿಯ ತೂಕ ಲೆಕ್ಕಕ್ಕೆ ಸಿಗುವುದಿಲ್ಲವೇಕೆ?

ಪ್ರಶ್ನೆ: ನನ್ನಲ್ಲಿ 6 ಇಂಚಿನ ಟೆಲಿಸ್ಕೋಪ್ ಇದೆ. ಮಲ್ಪೆ ತೀರದಿಂದ ಆಂಡ್ರೊಮಿಡಾ ಮಸುಕಾಗಿ ಕಾಣುತ್ತದೆ. ಡಾರ್ಕ್ ಮ್ಯಾಟರ್‌ನ ಸುಳಿವು ಇದರಲ್ಲಿ ಸಿಕ್ಕೀತೇ?
– ಬಿಎಸ್ಸಿ ವಿದ್ಯಾರ್ಥಿ, ಉಡುಪಿ

ಉತ್ತರ: ಸಿಗದು. ಡಾರ್ಕ್ ಮ್ಯಾಟರ್ ಎಂದರೆ ಬೆಳಕು ಸೂಸದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ. ಅದಕ್ಕೆ ಬೇಕಾದದ್ದು ಚಿತ್ರವಲ್ಲ, ಗ್ಯಾಲಕ್ಸಿ ಸುತ್ತುವ ವೇಗ. 1970ರಲ್ಲಿ ಖಗೋಳವಿಜ್ಞಾನಿಗಳಾದ ವೆರಾ ರೂಬಿನ್, ಕೆಂಟ್ ಫೋರ್ಡ್ ಇದೇ ಆಂಡ್ರೊಮಿಡಾದ ವೇಗಗಳನ್ನು ರೋಹಿತದಿಂದ (ಬಣ್ಣಗಳಾಗಿ ಬಿಡಿಸಿದ ಬೆಳಕಿನಿಂದ) ಅಳೆದು ಪ್ರಕಟಿಸಿದರು. ನಕ್ಷತ್ರಗಳ ಬೆಳಕು ಮುಗಿದಲ್ಲಿಂದ ಆಚೆಗೂ ಹೈಡ್ರೋಜನ್ ಹರಡಿರುತ್ತದೆ. ಅದು ಸಿಗುವುದು 21 ಸೆಂ.ಮೀ. ರೇಡಿಯೋ ತರಂಗದಲ್ಲಿ. ಆದ್ದರಿಂದ ಅಳೆದಿಟ್ಟ ಅಂಕಿಗಳನ್ನೇ ಬಳಸಿ. ಸ್ಪಾರ್ಕ್ ಎಂಬ ಸಂಗ್ರಹದಲ್ಲಿ 175 ಗ್ಯಾಲಕ್ಸಿಗಳಿವೆ, ಉಚಿತ. ಆಕಾಶವೇ ಕಾಣದ ಆಟಿ ತಿಂಗಳಿಗೆ ಹೇಳಿ ಮಾಡಿಸಿದ ಕೆಲಸ.

ಅದರಲ್ಲಿರುವ ಎನ್‌ಜಿಸಿ 3198 ಗ್ಯಾಲಕ್ಸಿಯಿಂದ ಶುರುಮಾಡಿ. ವೇಗದ ವರ್ಗವನ್ನು ಗ್ಯಾಲಕ್ಸಿಯ ಕೇಂದ್ರದಿಂದಿರುವ ದೂರದಿಂದ ಗುಣಿಸಿ, 0.0000043ರಿಂದ ಭಾಗಿಸಿ (ವೇಗ ಸೆಕೆಂಡಿಗೆ ಕಿ.ಮೀ., ದೂರ ಕಿಲೋಪಾರ್ಸೆಕ್, ಅಂದರೆ ಸುಮಾರು 3,260 ಜ್ಯೋತಿರ್ವರ್ಷದ ಅಳತೆ). 30 ಕಿಲೋಪಾರ್ಸೆಕ್ ದೂರದಲ್ಲಿ ವೇಗ ಸುಮಾರು 150. ಒಳಗಿನ ದ್ರವ್ಯರಾಶಿ 15,700 ಕೋಟಿ ಸೂರ್ಯರಷ್ಟು ಎಂದಾಯಿತು. ನಕ್ಷತ್ರ, ಅನಿಲ ಎಲ್ಲ ಕೂಡಿಸಿದರೂ ಅದರ ಕಾಲು ಭಾಗ ಮುಟ್ಟುವುದಿಲ್ಲ. ಉಳಿದದ್ದೇ ಡಾರ್ಕ್ ಮ್ಯಾಟರ್‌ನ ಪಾಲು.

ಎಡವುವುದು ಮುಂದಿನ ಹೆಜ್ಜೆಯಲ್ಲಿ, ಅಂದರೆ ಕಾಣುವ ದ್ರವ್ಯದ ಪಾಲನ್ನು ಕಳೆಯುವಾಗ. ಸ್ಪಾರ್ಕ್ ಕಡತದಲ್ಲಿ ನಕ್ಷತ್ರಗಳ ಪಾಲಿನ ವೇಗವನ್ನು (ಅವುಗಳ ಗುರುತ್ವವೊಂದರಿಂದಲೇ ಬರುವ ವೇಗ) ದ್ರವ್ಯರಾಶಿ–ಬೆಳಕಿನ ಅನುಪಾತ (ಸೂರ್ಯನ ಲೆಕ್ಕದಲ್ಲಿ ಒಂದು ಪಾಲು ಬೆಳಕಿಗೆ ಎಷ್ಟು ದ್ರವ್ಯರಾಶಿ) 1 ಎಂದಿಟ್ಟು ಕೊಟ್ಟಿದ್ದಾರೆ. ತಟ್ಟೆಯ ಪಾಲಿನ ವರ್ಗಕ್ಕೆ 0.5, ನಡುವಿನ ಉಬ್ಬಿನ ವರ್ಗಕ್ಕೆ 0.7 ಗುಣಿಸಲೇಬೇಕು. ಮರೆತರೆ ನಕ್ಷತ್ರಗಳೇ ಇಮ್ಮಡಿಯಾಗಿ, ಒಳಭಾಗದಲ್ಲಿ ಡಾರ್ಕ್ ಮ್ಯಾಟರ್ ಬೇಡವೇ ಬೇಡ ಎಂಬಂತೆ ತೋರುತ್ತದೆ. ಅನಿಲದ ಪಾಲಿನ ವೇಗ ಕೆಲವೆಡೆ ಋಣ ಚಿಹ್ನೆಯಲ್ಲಿದೆ, ಅದು ಮುದ್ರಣದೋಷವಲ್ಲ. ನಡುವೆ ಅನಿಲ ಕಡಿಮೆಯಿದ್ದಾಗ ಹೊರಗಿನ ಅನಿಲ ಆಚೆಗೆ ಎಳೆಯುತ್ತದೆ. ವರ್ಗ ಮಾಡುವಾಗ ಆ ಚಿಹ್ನೆ ಉಳಿಸಿಕೊಳ್ಳಿ.

ನಮಗೆ ಮುಖಕ್ಕೆ ಮುಖ ಕೊಟ್ಟು ನಿಂತ ಗ್ಯಾಲಕ್ಸಿಗಳನ್ನು ಬಿಟ್ಟುಬಿಡಿ. ಅಳೆದ ವೇಗವನ್ನು ತಟ್ಟೆಯ ಓರೆಗೆ ತಕ್ಕಂತೆ ತಿದ್ದಬೇಕು, ಅಂಥವುಗಳಲ್ಲಿ ಓರೆ ತುಸು ತಪ್ಪಿದರೂ ಲೆಕ್ಕ ಕೆಡುತ್ತದೆ. ಓರೆ 30 ಡಿಗ್ರಿಯಿದ್ದದ್ದನ್ನು 35 ಎಂದು ಅಂದಾಜಿಸಿದರೆ ದ್ರವ್ಯರಾಶಿ ಶೇ. 24ರಷ್ಟು ಕಡಿಮೆ ಬರುತ್ತದೆ.

ಪ್ರಶ್ನೆ: ಗಾಮಾ ಕಿರಣದಲ್ಲಿ ಡಾರ್ಕ್ ಮ್ಯಾಟರ್ ಸಿಕ್ಕಿದೆಯಂತೆ, ಹೌದೇ?
– ಓದುಗರು, ಮಂಗಳೂರು

ಉತ್ತರ: ಸಿಕ್ಕಿದೆ ಎನ್ನುವಂತಿಲ್ಲ. ಡಾರ್ಕ್ ಮ್ಯಾಟರ್ ಕಣಗಳು ಒಂದಕ್ಕೊಂದು ತಾಗಿ ನಾಶವಾದರೆ ಗಾಮಾ ಕಿರಣ ಹೊಮ್ಮೀತು ಎಂಬುದೊಂದು ಊಹೆ. 2008ರಲ್ಲಿ ಹಾರಿದ ಫರ್ಮಿ ಉಪಗ್ರಹಕ್ಕೆ ಕ್ಷೀರಪಥದ ನಡುವಿಂದ ಲೆಕ್ಕಕ್ಕಿಂತ ಹೆಚ್ಚು ಗಾಮಾ ಕಿರಣ ಬರುತ್ತಿರುವುದು ಕಂಡಿದೆ, ನಿಜ. ಆದರೆ ಸೆಕೆಂಡಿಗೆ ನೂರಾರು ಸುತ್ತು ತಿರುಗುವ ನಕ್ಷತ್ರಶೇಷಗಳಾದ ಮಿಲಿಸೆಕೆಂಡ್ ಪಲ್ಸಾರ್‌ಗಳೂ ಹೆಚ್ಚುಕಡಿಮೆ ಅದೇ ಬಗೆಯ ಕಿರಣ ಸೂಸುತ್ತವೆ. ಪರೀಕ್ಷೆಗೆ ಡ್ರಾಕೊದಂಥ ಕುಬ್ಜ ಗ್ಯಾಲಕ್ಸಿಗಳೇ ವಾಸಿ: ಅನಿಲ ಇಲ್ಲವೆನ್ನುವಷ್ಟು ಕಡಿಮೆ, ಗದ್ದಲವಿಲ್ಲ, ಡಾರ್ಕ್ ಮ್ಯಾಟರ್ ಮಾತ್ರ ಧಾರಾಳ. ಅಲ್ಲಿಂದ ಖಚಿತ ಸಂಕೇತ ಇನ್ನೂ ಬಂದಿಲ್ಲ.