ಉಪ್ಪುಗಾಳಿಗೆ ಸವೆದ ಚಿಮಣಿ: ತೇಪೆ ಸಾಕೇ, ಹೊಸದಾಗಿ ಕಟ್ಟಬೇಕೇ?

ಪ್ರಶ್ನೆ: ನಮ್ಮದು ಕಡಲಿಗೆ ಮುಖ ಮಾಡಿ ನಿಂತಿರುವ ಹಳೆಯ ಮನೆ. ಅಗ್ಗಿಷ್ಟಿಕೆಯ ಇಟ್ಟಿಗೆ ಚಿಮಣಿ ಛಾವಣಿಯಿಂದ ಸಾಕಷ್ಟು ಎತ್ತರಕ್ಕೆ ಎದ್ದಿದೆ. ಕಡಲ ಕಡೆಯ ಮುಖದಲ್ಲಿ ಇಟ್ಟಿಗೆಗಳು ಪದರ ಪದರವಾಗಿ ಉದುರುತ್ತಿವೆ, ಸಂದುಗಳ ಗಾರೆ ಬೆರಳಿಗೇ ಪುಡಿಯಾಗಿ ಬರುತ್ತದೆ, ನೆತ್ತಿಯ ಕಾಂಕ್ರೀಟ್ ಬಿರಿದಿದೆ, ಇಡೀ ಚಿಮಣಿ ಮನೆಯ ಹಿಂಬದಿಗೆ ಸ್ವಲ್ಪ ವಾಲಿದಂತೆಯೂ ಕಾಣುತ್ತದೆ. ಮಳೆ ಬಂದಾಗ ಅಗ್ಗಿಷ್ಟಿಕೆಯ ಪಕ್ಕದ ಗೋಡೆ ಒದ್ದೆಯಾಗುತ್ತದೆ. ಒಬ್ಬ ಮೇಸ್ತ್ರಿ ಗಟ್ಟಿ ಸಿಮೆಂಟ್ ಗಿಲಾವು ಮಾಡಿ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಎಲ್ಲವನ್ನೂ ಕೆಡವಿ ಸ್ಟೀಲ್ ಕೊಳವೆ ಹಾಕಿಸಿ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಮೊದಲು ಒಂದು ತುರ್ತು ಮಾತು. ಚಿಮಣಿಯೊಳಗೆ ಕ್ಯಾಮೆರಾ ಇಳಿಸಿ ಪರೀಕ್ಷಿಸುವವರೆಗೆ ದಯವಿಟ್ಟು ಅಗ್ಗಿಷ್ಟಿಕೆಯಲ್ಲಿ ಬೆಂಕಿ ಹಾಕಬೇಡಿ. ಹೊರಮೈ ಇಷ್ಟು ಸವೆದಿರುವ ಚಿಮಣಿಯ ಒಳಗೂ ಚೂರುಗಳು ಬಿದ್ದು ಹೊಗೆಯ ದಾರಿ ಕಟ್ಟಿಕೊಂಡಿರಬಹುದು, ಆಗ ಕಾರ್ಬನ್ ಮಾನಾಕ್ಸೈಡ್ ಕೋಣೆಗೇ ತಿರುಗಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಂದದ್ದು ಗೊತ್ತಾಗುವುದರೊಳಗೆ ಮನುಷ್ಯ ಎದ್ದು ಹೊರಗೆ ಹೋಗುವ ಶಕ್ತಿಯನ್ನೇ ಕಳೆದುಕೊಂಡಿರುತ್ತಾನೆ. ಬಾಯ್ಲರ್ ಅಥವಾ ಗ್ಯಾಸ್ ಹೀಟರಿನ ಹೊಗೆಯೂ ಇದೇ ಚಿಮಣಿಯಿಂದ ಹೋಗುತ್ತಿದ್ದರೆ ಅದನ್ನೂ ಸದ್ಯಕ್ಕೆ ನಿಲ್ಲಿಸಿ. ಚಿಮಣಿ ವಾಲಿರುವ ಬದಿಯ ಅಂಗಳದಲ್ಲಿ, ಇಟ್ಟಿಗೆ ಉರುಳಿ ಬೀಳಬಹುದಾದಷ್ಟು ಜಾಗಕ್ಕೆ, ಯಾರೂ ಹೋಗದಂತೆ ತಡೆ ಕಟ್ಟಿ.

ಇನ್ನು ನಿಮ್ಮ ಪ್ರಶ್ನೆ. ಮೊದಲನೆಯವರ ಸಲಹೆಯನ್ನು ಒಪ್ಪಬೇಡಿ ಎಂದು ನಾನು ಖಚಿತವಾಗಿ ಹೇಳಬಲ್ಲೆ. ಎರಡನೆಯವರ ಸಲಹೆ ಸರಿಯಿರಬಹುದು, ಆದರೆ ಅದನ್ನು ತೀರ್ಮಾನಿಸುವ ಮೊದಲು ಹಳೆಯ ಚಿಮಣಿ ಯಾವುದರಿಂದ ಹಾಳಾಯಿತು ಎಂಬುದು ತಿಳಿಯಬೇಕು. ಕಾರಣ ತಿಳಿಯದೆ ಕಟ್ಟಿದ ಹೊಸ ಚಿಮಣಿಯೂ ಅದೇ ದಾರಿ ಹಿಡಿಯುತ್ತದೆ.

ಕಡಲ ಗಾಳಿ ಹೊತ್ತು ತರುವ ಉಪ್ಪು ಮಳೆನೀರಿನಲ್ಲಿ ಕರಗಿ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75ನ್ನು ದಾಟಿದಾಗ ಈ ಉಪ್ಪು ಗಾಳಿಯ ತೇವವನ್ನೇ ಹೀರಿಕೊಂಡು ಕರಗುತ್ತದೆ. ಆರ್ದ್ರತೆ ಅದಕ್ಕಿಂತ ಕೆಳಗಿಳಿದಾಗ ಮತ್ತೆ ಹರಳುಗಟ್ಟುತ್ತದೆ. ಕಡಲತೀರದಲ್ಲಿ ರಾತ್ರಿ ಆರ್ದ್ರತೆ ಈ ಗೆರೆಯ ಮೇಲಿದ್ದು ಬಿಸಿಲೇರಿದ ಮೇಲೆ ಕೆಳಗಿಳಿಯುವುದು ಸಾಮಾನ್ಯವಾದ್ದರಿಂದ, ಒಂದು ಹನಿ ಮಳೆ ಬೀಳದ ದಿನವೂ ಇಟ್ಟಿಗೆಯೊಳಗೆ ಕರಗುವ, ಹರಳುಗಟ್ಟುವ ಕೆಲಸ ನಡೆದೇ ಇರುತ್ತದೆ. ಬೆಳೆಯುವ ಹರಳು ರಂಧ್ರದ ಗೋಡೆಯನ್ನು ಒತ್ತುತ್ತದೆ, ಒತ್ತಿ ಒತ್ತಿ ಇಟ್ಟಿಗೆಯ ಮುಖವನ್ನೇ ಕಳಚುತ್ತದೆ. ಉದುರಿ ಬಿದ್ದ ಚಕ್ಕೆಯೊಂದನ್ನು ಎತ್ತಿಕೊಂಡು ಅದರ ಹಿಂಬದಿಯನ್ನು ನೋಡಿ. ಹೊರಗಿನಿಂದ ಕಾಣದಿದ್ದ ಬಿಳಿಯ ಪುಡಿ ಅಲ್ಲಿ ತೆಳ್ಳಗೆ ಹರಡಿದ್ದರೆ, ಮೈಮೇಲೆ ಗುಡಿಸಿ ತೆಗೆಯಬಹುದಾದ ಉಪ್ಪಿಗಿಂತ ಹೆಚ್ಚು ಹಾನಿ ಮಾಡುವ ಉಪ್ಪು ಅದೇ. ಹಿಮ ಬೀಳುವ ತೀರವಾದರೆ ಇದಕ್ಕೆ ಇನ್ನೊಂದು ಪೆಟ್ಟು ಸೇರುತ್ತದೆ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹೆಚ್ಚುತ್ತದೆ.

ಇಂತಹ ಇಟ್ಟಿಗೆಯ ಮೇಲೆ ಗಟ್ಟಿ ಸಿಮೆಂಟ್ ಗಿಲಾವು ಮಾಡಿದರೆ ಒಳಗಿನ ತೇವ ಹೊರಬರುವ ದಾರಿ ಮುಚ್ಚುತ್ತದೆ. ಗಿಲಾವು ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರಿದೇ ಬಿರಿಯುತ್ತದೆ, ಬಿರುಕಿನಿಂದ ಒಳಹೋದ ನೀರು ಹಿಂದೆಯೇ ನಿಲ್ಲುತ್ತದೆ, ಉಪ್ಪು ಅಲ್ಲೇ ಹರಳಾಗುತ್ತದೆ. ಹೊರನೋಟಕ್ಕೆ ಚಿಮಣಿ ಹೊಸದರಂತೆ ಕಾಣುತ್ತಿರುವಾಗಲೇ ಒಳಗಿನ ಇಟ್ಟಿಗೆ ಮಣ್ಣಾಗಿರುತ್ತದೆ. ಪೊರೆಯಂತೆ ಕೂರುವ ಪೇಂಟಿನ ಕಥೆಯೂ ಇದೇ.

ವಾಲುವಿಕೆಯ ಬಗ್ಗೆ ನೀವು ಬರೆದದ್ದು ಮುಖ್ಯವಾದ ಸುಳಿವು. ಹಿಂದೆ ಈ ಅಗ್ಗಿಷ್ಟಿಕೆಯಲ್ಲಿ ಕಲ್ಲಿದ್ದಲು ಉರಿಸುತ್ತಿದ್ದರೇ ಎಂದು ಮನೆಯ ಹಿರಿಯರನ್ನು ವಿಚಾರಿಸಿ. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಅಂಶ ತೇವದೊಂದಿಗೆ ಸೇರಿ ಸಲ್ಫೇಟ್ ಆಗಿ ಸಂದುಗಳಿಗೆ ಇಳಿಯುತ್ತದೆ. ಸಿಮೆಂಟಿನಲ್ಲಿರುವ ಅಲ್ಯೂಮಿನೇಟ್ ಅಂಶದೊಂದಿಗೆ ಅದು ವರ್ತಿಸಿದಾಗ ಎಟ್ರಿಂಗೈಟ್ ಎಂಬ ಹರಳು ಹುಟ್ಟಿ ಗಾರೆಯನ್ನೇ ಹಿಗ್ಗಿಸುತ್ತದೆ. ಮಳೆಗೆ ಹೆಚ್ಚು ನೆನೆಯುವ ಮುಖದಲ್ಲಿ ಈ ಹಿಗ್ಗುವಿಕೆ ಹೆಚ್ಚಾಗಿ, ಎದುರು ಮುಖದಲ್ಲಿ ಕಡಿಮೆಯಾಗಿ, ಸಾಲು ಸಾಲಾಗಿ ಕೂಡುತ್ತಾ ಹೋದಂತೆ ಚಿಮಣಿ ಒಣಗಿದ ಕಡೆಗೆ ಬಾಗುತ್ತದೆ. ನೀವು ಹೇಳುವಂತೆ ಚಿಮಣಿ ಕಡಲಿಗೆ ಬೆನ್ನು ಹಾಕಿ ವಾಲಿದ್ದರೆ ಇದು ಹೊಂದುತ್ತದೆ. ತೂಗುಗುಂಡು ಇಳಿಬಿಟ್ಟು ಅಳತೆ ಬರೆದಿಡಿ. ಬುಡದ ಆಧಾರವೇ ಕುಸಿದಿದ್ದರೂ ಚಿಮಣಿ ವಾಲಬಹುದಾದ್ದರಿಂದ, ಈ ಹಂತದಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡುವುದು ಅಗತ್ಯ. ವಾಲಿದ ಚಿಮಣಿಯನ್ನು ಸಂದು ತುಂಬಿ ನೇರ ಮಾಡಲಾಗುವುದಿಲ್ಲ, ಇಳಿಸಿ ಕಟ್ಟಬೇಕು.

ಎಲ್ಲಿಯವರೆಗೆ ಇಳಿಸಬೇಕು? ಸುತ್ತಿಗೆಯ ಹಿಡಿಯಿಂದ ಇಟ್ಟಿಗೆಯನ್ನು ತಟ್ಟಿದಾಗ ಗಟ್ಟಿ ಇಟ್ಟಿಗೆ ಸ್ಪಷ್ಟವಾಗಿ ಸದ್ದು ಮಾಡುತ್ತದೆ, ಕೆಟ್ಟದ್ದು ಮಂಕಾಗಿ ಮಾತಾಡುತ್ತದೆ. ಸಂದಿಗೆ ಮೊಳೆಯಿಂದ ಗೀರಿದರೆ ಒಂದೆರಡು ಮಿಲಿಮೀಟರ್ ಮಾತ್ರ ಹೋಗಬೇಕು. ಮೊಳೆ ತಡೆಯಿಲ್ಲದೆ ಇಳಿದರೆ ಆ ಸಾಲಿನ ಗಾರೆಯಲ್ಲಿ ಬಲವಿಲ್ಲ. ಈ ಪರೀಕ್ಷೆಯನ್ನು ಅಟ್ಟದೊಳಗಿನ ಭಾಗಕ್ಕೂ ಮಾಡಿಸಿ. ಬಹಳಷ್ಟು ಮನೆಗಳಲ್ಲಿ ಛಾವಣಿಯ ಕೆಳಗಿನ ಭಾಗ ಮಳೆ ಗಾಳಿಗೆ ಸಿಗದೆ ಚೆನ್ನಾಗಿಯೇ ಉಳಿದಿರುತ್ತದೆ. ಆಗ ಛಾವಣಿಯಿಂದ ಎರಡು ಮೂರು ಸಾಲು ಕೆಳಗಿನವರೆಗೆ ಬಿಚ್ಚಿ, ಗಟ್ಟಿ ಸಾಲಿನ ಮೇಲಿಂದ ಹೊಸದಾಗಿ ಎಬ್ಬಿಸಿದರೆ ಸಾಕು. ಛಾವಣಿಯ ಮಟ್ಟದಲ್ಲೇ ಬಿಚ್ಚುವುದನ್ನು ನಿಲ್ಲಿಸಬಾರದು. ನಿಮ್ಮ ಕೋಣೆಯ ಗೋಡೆ ಒದ್ದೆಯಾಗಲು ಕಾರಣ ಬಹುಶಃ ಆ ಮಟ್ಟದಲ್ಲೇ ಇದೆ. ಚಿಮಣಿಯ ಇಟ್ಟಿಗೆ ಹೀರಿದ ನೀರು ಇಟ್ಟಿಗೆಯೊಳಗಿನಿಂದಲೇ ಕೆಳಗಿಳಿಯುತ್ತದೆ, ಹೊರಗಿನ ಫ್ಲಾಶಿಂಗ್ (ಚಿಮಣಿ ಮತ್ತು ಛಾವಣಿ ಕೂಡುವಲ್ಲಿ ನೀರು ಇಳಿಯದಂತೆ ಹಾಕುವ ತಗಡಿನ ಪಟ್ಟಿ) ಎಷ್ಟೇ ಚೆನ್ನಾಗಿದ್ದರೂ ಅದನ್ನು ತಡೆಯಲಾರದು. ಆ ನೀರನ್ನು ಹಿಡಿದು ಛಾವಣಿಯ ಮೇಲಕ್ಕೆ ಹೊರಹಾಕಲು ಚಿಮಣಿಯ ಅಡ್ಡಕ್ಕೆ ಪೂರ್ತಿಯಾಗಿ, ಹೊಗೆನಾಳವನ್ನು ಮಾತ್ರ ಬಿಟ್ಟು, ತಗಡಿನ ತಟ್ಟೆಯೊಂದನ್ನು ಕೂರಿಸಬೇಕು. ಹಳೆಯ ಚಿಮಣಿಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಬಿಚ್ಚಿ ಕಟ್ಟುವಾಗ ಬಿಟ್ಟರೆ ಮತ್ತೆ ಇದನ್ನು ಸೇರಿಸುವ ಅವಕಾಶ ಸಿಗುವುದೂ ಇಲ್ಲ, ಆದ್ದರಿಂದ ಕೆಲಸದ ಒಪ್ಪಂದದಲ್ಲೇ ಇದನ್ನು ಬರೆಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಮತ್ತೆ ಇಟ್ಟಿಗೆಯಲ್ಲೇ ಕಟ್ಟಿಸುವುದಾದರೆ ಚೆನ್ನಾಗಿ ಬೆಂದ, ನೀರು ಕಡಿಮೆ ಹೀರುವ ಇಟ್ಟಿಗೆಯನ್ನು ಆರಿಸಿ. ಬಿಚ್ಚಿದ ಹಳೆಯ ಇಟ್ಟಿಗೆಗಳನ್ನು ತಿರುಗಿಸಿ ಬಳಸೋಣ ಎಂಬ ಸಲಹೆ ಬಂದೇ ಬರುತ್ತದೆ, ಆದರೆ ಉಪ್ಪು ಅವುಗಳೊಳಗೇ ಇದೆ. ಗಾರೆ ಇಟ್ಟಿಗೆಗಿಂತ ಮೆದುವಾಗಿರಬೇಕು, ಏಕೆಂದರೆ ಎಳೆತ ಒತ್ತಡಗಳಿಗೆ ಸವೆಯಬೇಕಾದದ್ದು ಮತ್ತೆ ತುಂಬಬಹುದಾದ ಸಂದು, ಇಟ್ಟಿಗೆಯಲ್ಲ. ನೀರಿನಲ್ಲಿ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣದ ಗಾರೆ ಒಳ್ಳೆಯದು. ಅದು ಸಿಗದಿದ್ದರೆ ಸಲ್ಫೇಟ್ ನಿರೋಧಕ ಸಿಮೆಂಟ್ 1, ಸುಣ್ಣ 1, ಮರಳು 6ರ ಪ್ರಮಾಣದ ಗಾರೆ ಆಗುತ್ತದೆ. ಮರಳು ತೊಳೆದದ್ದಾಗಿರಲಿ. ಕಡಲ ದಂಡೆಯ ಮರಳನ್ನೂ ಉಪ್ಪುನೀರನ್ನೂ ಹತ್ತಿರ ಸೇರಿಸಬೇಡಿ. ಮರದ ತೊಲೆ, ಪಕಾಸಿಗಳು ಚಿಮಣಿಗೆ ತಾಗುವಂತಿರಬಾರದು. ಮನೆಯೊಳಗಿಂದ ಏರುವ ಇಟ್ಟಿಗೆ ಚಿಮಣಿಗೆ ಸುತ್ತಲೂ 5 ಸೆಂಟಿಮೀಟರ್ ಅಂತರ ಬಿಡುವುದು ಅಂಗೀಕೃತ ರೂಢಿ.

ನೆತ್ತಿಯ ಮುಚ್ಚಳದ ವಿಷಯದಲ್ಲಿ ಉದಾಸೀನ ಸಲ್ಲದು. ಕೊನೆಯ ಸಾಲಿನ ಮೇಲೆ ಉಳಿದ ಗಾರೆಯನ್ನು ಬಳಿದು ಇಳಿಯುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಅಲ್ಲಿ ಇಳಿಜಾರಾಗಿ ಎರಕ ಹೊಯ್ದ ಕಾಂಕ್ರೀಟ್ ಹಲಗೆ ಇರಬೇಕು. ಅದು ಗೋಡೆಯಿಂದ ಕನಿಷ್ಠ 5 ಸೆಂಟಿಮೀಟರ್ ಹೊರಚಾಚಿ, ಚಾಚಿದ ಭಾಗದ ಅಡಿಯಲ್ಲಿ ಸುತ್ತಲೂ ಒಂದು ಗೀರು ಇದ್ದರೆ, ಹನಿ ಅಲ್ಲಿಂದಲೇ ಕಳಚಿ ಬೀಳುತ್ತದೆ, ಇಟ್ಟಿಗೆಯ ಮೈಗೆ ಹರಿಯುವುದಿಲ್ಲ. ಬಿಸಿಯಾದಾಗ ಹೊಗೆನಾಳ ಹಿಗ್ಗುವುದರಿಂದ ಅದಕ್ಕೂ ಹಲಗೆಗೂ ನಡುವೆ ಸಣ್ಣ ಎಡೆ ಬಿಟ್ಟು, ಶಾಖ ತಡೆಯುವ ಮೆದು ಸೀಲೆಂಟ್ ತುಂಬಬೇಕು. ಒಳಗೆ ಕಂಬಿ ಹಾಕುವುದಾದರೆ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ. ಸಾಮಾನ್ಯ ಕಬ್ಬಿಣ ತುಕ್ಕಾಗುವಾಗ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ನಿಮ್ಮ ಚಿಮಣಿಯ ನೆತ್ತಿಯ ಬಿರುಕಿನ ಅಂಚಿನಲ್ಲಿ ಕಂದು ಕಲೆ ಇದ್ದರೆ ಅದೇ ನಡೆದಿದೆ ಎಂದು ತಿಳಿಯಿರಿ.

ಲೋಹದ ಆಯ್ಕೆಗೂ ಇದೇ ಎಚ್ಚರ ಬೇಕು. ಸತು ಲೇಪಿಸಿದ ಜಿಐ ತಗಡು ಕಡಲ ಗಾಳಿಗೆ ಬಹಳ ಕಾಲ ನಿಲ್ಲುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಎಂದರಷ್ಟೇ ಸಾಲದು, 316 ದರ್ಜೆಯದೇ ಬೇಕೆಂದು ಕೇಳಿ. ಅದರಲ್ಲಿರುವ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಎಂಬ ಲೋಹ ಉಪ್ಪಿನ ಕೊರೆತಕ್ಕೆ ಸಾಮಾನ್ಯವಾದ 304 ದರ್ಜೆಗಿಂತ ಚೆನ್ನಾಗಿ ತಡೆ ಒಡ್ಡುತ್ತದೆ. ಹೊಗೆನಾಳದ ಬಾಯಿಯ ಮೇಲೆ ಕೂರಿಸುವ ಟೋಪಿ, ಕಿಡಿ ತಡೆಯುವ ಜಾಲರಿ, ಸ್ಕ್ರೂ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ತಗಡು ಒಳ್ಳೆಯದಿದ್ದು ಸ್ಕ್ರೂ ಕಳಪೆಯಾದರೆ ಮೊದಲ ಬಿರುಗಾಳಿಗೇ ಟೋಪಿ ಹಾರುತ್ತದೆ. ಅಲ್ಯೂಮಿನಿಯಂ ಹಸಿ ಗಾರೆಯಲ್ಲಿ ಸವೆಯುತ್ತದೆ, ತಾಮ್ರದ ಜೊತೆ ಸೇರಿದರೆ ಇನ್ನೂ ಬೇಗ ಹೋಗುತ್ತದೆ. ಇಳಿಜಾರು ಛಾವಣಿಯಲ್ಲಿ ಚಿಮಣಿಯ ಅಗಲ 75 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಅದರ ಮೇಲ್ಬದಿಯಲ್ಲಿ ನೀರು ಎರಡು ಪಕ್ಕಕ್ಕೂ ಕವಲೊಡೆಯುವಂತೆ ಪುಟ್ಟ ಏಣು ಕಟ್ಟಿಸಬೇಕು.

ಈಗ ಸ್ಟೀಲ್ ಚಿಮಣಿಯ ಸಲಹೆ. ಕೆಳಗಿನ ಇಟ್ಟಿಗೆಯೂ ಕೆಟ್ಟಿದ್ದರೆ, ಅಥವಾ ಭಾರ ಹೊರುವ ಬುಡ ದುರ್ಬಲವಾಗಿದ್ದರೆ ಅದೇ ಸರಿ. ಆದರೆ ಅದು ಕಾರ್ಖಾನೆಯಲ್ಲಿ ತಯಾರಾದ, ನಡುವೆ ಶಾಖ ನಿರೋಧಕ ತುಂಬಿದ ಎರಡು ಗೋಡೆಯ ಕೊಳವೆ ಆಗಿರಬೇಕು. ಛಾವಣಿ ತೂತು ಮಾಡಿ ತೂರಿಸಿದ ಒಂಟಿ ತಗಡಿನ ಕೊಳವೆ ಮನೆಗೆ ಬೆಂಕಿ ಹಚ್ಚುವ ಸಾಧನವೇ ಸರಿ. ತಯಾರಕರು ಸೂಚಿಸಿದ ಅಂತರ, ಬಿಗಿಯುವ ಕ್ರಮಗಳನ್ನು ಚಾಚೂ ತಪ್ಪದೆ ಪಾಲಿಸಬೇಕು. ಇಟ್ಟಿಗೆಯಾಗಲಿ ಸ್ಟೀಲ್ ಆಗಲಿ, ಎತ್ತರದಲ್ಲಿ ರಾಜಿ ಬೇಡ: ಛಾವಣಿಯನ್ನು ದಾಟುವಲ್ಲಿಂದ ಕನಿಷ್ಠ 90 ಸೆಂಟಿಮೀಟರ್, ಜೊತೆಗೆ ಸುತ್ತಲಿನ 3 ಮೀಟರ್ ಒಳಗಿರುವ ಕಟ್ಟಡದ ಯಾವ ಭಾಗಕ್ಕಿಂತಲೂ 60 ಸೆಂಟಿಮೀಟರ್ ಎತ್ತರ ಎಂಬ ಲೆಕ್ಕವನ್ನು ಅನೇಕ ಕಟ್ಟಡ ನಿಯಮಗಳು ಒಪ್ಪುತ್ತವೆ. ನಿಮ್ಮ ಸ್ಥಳೀಯ ಆಡಳಿತದ ನಿಯಮವನ್ನು ವಿಚಾರಿಸಿ, ಅನುಮತಿ ಬೇಕಾದರೆ ಸಾರ್ವೆ ಕಟ್ಟುವ ಮೊದಲೇ ಪಡೆಯಿರಿ.

ಕೆಲಸವನ್ನು ಒಣ ಹವೆಯ ದಿನಗಳಲ್ಲಿ ಇಟ್ಟುಕೊಳ್ಳಿ. ಸುಣ್ಣದ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಬಿರುಬಿಸಿಲು ಮತ್ತು ಗಾಳಿಗೆ ಬೇಗ ಒಣಗದಂತೆ ಒದ್ದೆ ಗೋಣಿಚೀಲ ಹೊದಿಸಿ ಕಾಪಾಡಬೇಕು. ಕೆಲವು ವಾರ ಬಿಟ್ಟು, ಮೊದಲ ಕೆಲವು ಬಾರಿ ಸಣ್ಣ ಬೆಂಕಿಯನ್ನಷ್ಟೇ ಹಾಕಿ. ನೀರು ತಡೆಯುವ ಲೇಪ ಬೇಕೇ ಬೇಕೆನಿಸಿದರೆ, ಇಟ್ಟಿಗೆ ಪೂರ್ತಿ ಒಣಗಿದ ಮೇಲೆ ಆವಿ ಹೊರಹೋಗಲು ಬಿಡುವ ಸಿಲೇನ್-ಸಿಲಾಕ್ಸೇನ್ ಬಗೆಯದನ್ನು ಬಳಸಬಹುದು.

ಪ್ರಶ್ನೆ: ನಾವು ದಂಡೆಗೆ ತೇಲಿಬಂದ ಮರದ ತುಂಡುಗಳನ್ನು ಒಣಗಿಸಿ ಅಗ್ಗಿಷ್ಟಿಕೆಗೆ ಬಳಸುತ್ತೇವೆ. ಹೊಸದಾಗಿ ಸ್ಟೀಲ್ ಲೈನರ್ (ಹೊಗೆನಾಳದೊಳಗೆ ಇಳಿಸುವ ಸ್ಟೀಲ್ ಕೊಳವೆ) ಹಾಕಿದವರು ಅದು ಬೇಡವೆಂದರು. ಚೆನ್ನಾಗಿ ಒಣಗಿದ್ದರೂ ತೊಂದರೆಯೇ?

ಉತ್ತರ: ಹೌದು. ಒಣಗಿಸಿದರೆ ಹೋಗುವುದು ನೀರು, ಉಪ್ಪಲ್ಲ. ಕಡಲಿನಲ್ಲಿ ನೆನೆದ ಮರ ಉರಿಯುವಾಗ ಹೊರಡುವ ಕ್ಲೋರೈಡ್‌ಗಳು ಹೊಗೆನಾಳದ ತೇವದಲ್ಲಿ ಆಮ್ಲವಾಗಿ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸೂಜಿಮೊನೆಯಷ್ಟು ತೂತುಗಳನ್ನು ಕೊರೆಯುತ್ತವೆ. ಹೊರಗಿನ ಗಾಳಿಯಿಂದ ಇಷ್ಟು ಕಷ್ಟಪಟ್ಟು ದೂರವಿಟ್ಟ ಉಪ್ಪನ್ನು ಒಳಗಿನಿಂದ ನಾವೇ ತುಂಬಿದಂತಾಗುತ್ತದೆ. ಇಂತಹ ಉರಿಯಲ್ಲಿ ಡಯಾಕ್ಸಿನ್‌ಗಳೆಂಬ ವಿಷಕಾರಿ ವಸ್ತುಗಳು ಸಾಮಾನ್ಯ ಸೌದೆಗಿಂತ ಹೆಚ್ಚು ಉಂಟಾಗುವುದರಿಂದ ಇದು ಮನೆಯವರ ಆರೋಗ್ಯದ ಪ್ರಶ್ನೆಯೂ ಹೌದು. ನೀಲಿ, ಹಸಿರು ಜ್ವಾಲೆ ನೋಡಲು ಚೆಂದವಿದ್ದರೂ ಬಿಡಿ. ಕಡಲ ನೀರು ಸೋಕದ ಮರದ ಸೌದೆಯನ್ನು, ತೇವಾಂಶ ಶೇ. 20ಕ್ಕಿಂತ ಕಡಿಮೆಯಾಗುವಷ್ಟು ಒಣಗಿಸಿ ಬಳಸಿ. ಹಸಿ ಸೌದೆಯಿಂದ ಕ್ರಿಯೋಸೋಟ್ ಎಂಬ ಅಂಟು ಮಸಿ ಗೋಡೆಗೆ ಕಟ್ಟುತ್ತದೆ. ಅದಕ್ಕೆ ಬೆಂಕಿ ಹತ್ತಿದರೆ ಶಾಖ 1,000 ಡಿಗ್ರಿ ಸೆಲ್ಸಿಯಸ್ಸನ್ನೂ ದಾಟಬಲ್ಲದು. ವರ್ಷಕ್ಕೊಮ್ಮೆ ಚಿಮಣಿಯನ್ನು ಪರೀಕ್ಷಿಸಿ, ಗುಡಿಸಿಸಿ.

ಪ್ರಶ್ನೆ: ನಮ್ಮ ಮನೆಯ ಚಿಮಣಿ ಬಳಕೆಯಲ್ಲಿಲ್ಲ. ಹೊಸದಾಗಿ ಕಟ್ಟಿಸುವ ಬದಲು ತೆಗೆದೇ ಬಿಡಬಹುದೇ?

ಉತ್ತರ: ತೆಗೆಯಬಹುದು. ಮತ್ತೆಂದೂ ಬಳಸುವುದಿಲ್ಲ ಎಂಬುದು ಖಚಿತವಾಗಿದ್ದರೆ ಕಡಲತೀರದ ಮನೆಗೆ ಅದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಛಾವಣಿಯಲ್ಲಿ ಒಂದು ತೂತು ಕಡಿಮೆಯಾದಷ್ಟೂ ಸೋರಿಕೆಯ ಒಂದು ದಾರಿ ಕಡಿಮೆ. ಛಾವಣಿಯ ಕೆಳಗಿನವರೆಗೆ ಇಳಿಸಿ, ಮೇಲೆ ಛಾವಣಿಯನ್ನು ಮುಂದುವರಿಸಿ. ಎರಡು ಎಚ್ಚರಿಕೆಗಳಿವೆ. ಕೆಳಗೆ ಕೋಣೆಯಲ್ಲಿರುವ ಅಗ್ಗಿಷ್ಟಿಕೆಯ ಗೋಡೆಯನ್ನು ಒಡೆದು, ಮೇಲಿನ ಇಟ್ಟಿಗೆಯನ್ನು ಆಧಾರವಿಲ್ಲದೆ ನಿಲ್ಲಿಸಬಾರದು, ಟನ್‌ಗಟ್ಟಲೆ ಭಾರ ತಲೆಯ ಮೇಲೆ ತೂಗುತ್ತಿರುತ್ತದೆ. ಉಳಿದ ಹೊಗೆನಾಳವನ್ನು ಎರಡೂ ತುದಿಯಲ್ಲಿ ಗಾಳಿಯಾಡದಂತೆ ಮುಚ್ಚಲೂಬಾರದು. ಹಳೆಯ ಮಸಿಯಲ್ಲಿರುವ ಲವಣಗಳು ತೇವ ಹೀರಿ, ಗೋಡೆಯ ಮೇಲೆ ಕಂದು ಕಲೆಯಾಗಿ ಮೂಡುತ್ತವೆ. ಮುಚ್ಚುವ ಮೊದಲು ಮಸಿಯನ್ನು ಪೂರ್ತಿ ಗುಡಿಸಿ, ಕೋಣೆಯ ಕಡೆ ಒಂದು ಜಾಲರಿ ಕಿಂಡಿ, ಮೇಲ್ತುದಿಯಲ್ಲಿ ಗಾಳಿ ಹೊರಹೋಗುವ ಇನ್ನೊಂದು ಕಿಂಡಿ ಇಡಿಸಿ. ಬಾಯ್ಲರಿನ ಅಥವಾ ಬೇರೆ ಯಾವುದೇ ಒಲೆಯ ಕೊಳವೆ ಅದೇ ಚಿಮಣಿಗೆ ಸೇರಿಲ್ಲ ಎಂಬುದನ್ನು ಒಂದೊಂದೇ ಕೋಣೆಗೆ ಹೋಗಿ ಕಣ್ಣಾರೆ ನೋಡಿದ ಮೇಲಷ್ಟೇ ಮೊದಲ ಇಟ್ಟಿಗೆಯನ್ನು ತೆಗೆಸಿ.